ಫ್ಲಾಪಿಗೆ ವಿಭೂತಿ ಹಚ್ಚಿದ ಮಾಸ್ತರು

ಮಸ್ಕಿಯ ಕರಿಬಸಯ್ಯ ಮಾಸ್ತರು ಅಂದರೆ ಸಿಂಧನೂರಿನಿಂದ ಲಿಂಗಸುಗೂರಿನ ತನಕ ಎಲ್ಲರೂ 'ಈ ಸೀಮೆಗೆ ಕಂಪ್ಯೂಟರ್ ತಂದ ಮನುಷ್ಯ' ಅನ್ನುತ್ತಿದ್ದರು. ತಂದದ್ದು ಅವರಲ್ಲ, ಸಿಂಧನೂರಿನ ವ್ಯಾಪಾರಿ ಶಿವಶರಣಪ್ಪ. ಮಾಸ್ತರು ಅದನ್ನು ಮೊದಲು ಮುಟ್ಟಿದವರು, ಅಷ್ಟೇ. ಆದರೆ ತಾನಾಗಿ ಬಂದ ಹೊಗಳಿಕೆಯನ್ನು ಬೇಡ ಅನ್ನುವ ಪೈಕಿ ಅಲ್ಲ ಅವರು.

ಶಿವಶರಣಪ್ಪನ ಅಂಗಡಿಯ ಮಹಡಿಯಲ್ಲಿ ಟೈಪಿಂಗ್ ಕ್ಲಾಸು ಇತ್ತು. ಮಾಸ್ತರು ದಿನಾ ಮಸ್ಕಿಯಿಂದ ಬಸ್ಸಿಗೆ ಬಂದು ಕಲಿಸುತ್ತಿದ್ದರು. ಎಂಬತ್ತೊಂಬತ್ತರಲ್ಲಿ ಧಣಿ ಶಿವಶರಣಪ್ಪನಿಗೆ ಕಂಪ್ಯೂಟರಿನ ಹುಚ್ಚು ಹತ್ತಿತು. ಮಾಸ್ತರನ್ನು ಹದಿನೈದು ದಿನ ಹೈದರಾಬಾದಿಗೆ ಕಳಿಸಿ, ಹಿಂದೆಯೇ ಒಂದು ಕಂಪ್ಯೂಟರನ್ನೂ ತರಿಸಿದ. ಆ ಪೆಟ್ಟಿಗೆಗೆ ಸ್ವಂತ ನೆನಪು ಎಂಬುದೇ ಇರಲಿಲ್ಲ. ಬೆಳಿಗ್ಗೆ ಕರಿ ರಟ್ಟಿನಂಥ ಫ್ಲಾಪಿಯೊಂದನ್ನು ಬಾಯಿಗಿಟ್ಟರೆ ಮಾತ್ರ ಅದು ಎದ್ದು ಕೂಡುತ್ತಿತ್ತು. ಇದ್ದದ್ದು ಅದೊಂದೇ ಫ್ಲಾಪಿ. ಅದರಲ್ಲೊಂದು ಉದ್ದನೆಯ ಕಿಂಡಿ, ಕಿಂಡಿಯೊಳಗೆ ಮಿರುಗುವ ತೆಳು ತಟ್ಟೆ. ಆ ತಟ್ಟೆಗೆ ಬೆರಳಾಗಲಿ ನೀರಾಗಲಿ ತಾಗಬಾರದು ಎಂದು ಹೈದರಾಬಾದಿನಲ್ಲಿ ಹೇಳಿದ್ದನ್ನು ಮಾಸ್ತರು ಕೆಂಪು ಶಾಯಿಯಲ್ಲಿ ಬರೆದುಕೊಂಡಿದ್ದರು. ಹಾಗಾಗಿ ಗೊತ್ತಿಲ್ಲದೆ ಮಾಡಿದೆ ಅನ್ನುವ ದಾರಿಯೂ ಅವರಿಗಿರಲಿಲ್ಲ.

ಆ ವರ್ಷದ ಖಂಡೇಪೂಜೆ, ಅಂದರೆ ಆಯುಧಪೂಜೆ, ಬಂತು. ಪ್ರತಿವರ್ಷ ಟೈಪ್ ಮಷೀನುಗಳಿಗೆಲ್ಲ ವಿಭೂತಿ ಎಳೆಯುವವರು ಮಾಸ್ತರೇ. ಮಾಸ್ತರು ಜಂಗಮರು, ಅಯ್ಯನವರ ಕೈಯಿಂದಲೇ ಆಗಬೇಕು ಅಂತ ಧಣಿಯ ಆಸೆ. ಈ ಸಲ ಕಂಪ್ಯೂಟರಿನ ಗಾಜಿಗೂ ಮೂರು ಬೆರಳು ಎಳೆದಾಯಿತು, ಕಾಯಿ ಒಡೆದಾಯಿತು, ಎಲ್ಲರೂ ಪ್ರಸಾದ ಹಿಡಿದು ಇಳಿದುಹೋದರು. ಒಬ್ಬರೇ ಉಳಿದ ಮಾಸ್ತರಿಗೆ ಒಂದು ವಿಚಾರ ಹೊಳೆಯಿತು. ಇದರ ಜೀವ ಇರುವುದು ಫ್ಲಾಪಿಯಲ್ಲಿ. ಜೀವಕ್ಕೆ ಬಿಟ್ಟು ಬರಿ ಪೆಟ್ಟಿಗೆಗೆ ಹಚ್ಚಿದರೆ ಅದೆಂಥ ಪೂಜೆ? ನೀರಲ್ಲಿ ಕಲಸಿದ ವಿಭೂತಿಯನ್ನು ಭಕ್ತಿಯಿಂದ ಫ್ಲಾಪಿಯ ಮೇಲೆ ಎಳೆದೇಬಿಟ್ಟರು. ಮೂರು ಬೆರಳೂ ಕಿಂಡಿಯ ಮೇಲೇ ಹಾದುಹೋದವು!

ಅಯ್ಯೋ ಶಿವನೇ ಅಂತ ಧೋತರದ ಚುಂಗು ಒದ್ದೆ ಮಾಡಿ ತಿಕ್ಕಿದರು. ತಿಕ್ಕಿದಷ್ಟೂ ಬಿಳಿ ರಾಡಿ ಒಳಗೇ ಇಳಿಯಿತು. ತಲೆ ಎತ್ತಿದರೆ ಬಾಗಿಲಲ್ಲಿ ಕಸಬರಿಗೆ ಹಿಡಿದು ಯಮನಮ್ಮ ನಿಂತಿದ್ದಳು. ಜವಳಗೇರಾದಿಂದ ಬಂದು ಕ್ಲಾಸಿನ ಕಸ ಹೊಡೆದು ನೆಲ ಒರೆಸುವ ಹೆಂಗಸು. ನೋಡಿದಳೋ ಇಲ್ಲವೋ, ಮಾಸ್ತರು ಕೇಳಲಿಲ್ಲ.

ಮೂರನೆಯ ದಿನ ಕ್ಲಾಸು ತೆರೆದಾಗ ಕಂಪ್ಯೂಟರ್ ಏಳಲೇ ಇಲ್ಲ. ಧಣಿ ಕೆಂಡವಾದ. ನೆಲ ಒರೆಸುತ್ತಿದ್ದ ಯಮನಮ್ಮನ ಮೇಲೆ ಅವನ ಕಣ್ಣು ಬಿತ್ತು.

"ಹಸಿ ಕೈಲೆ ಮುಟ್ಟೀ ಏನಬೇ ಇದನ್ನ?"

"ದೇವರಾಣಿ ಮುಟ್ಟಿಲ್ರಿ ಧಣೇರ." ಅವಳು ಮಾಸ್ತರ ಮುಖ ನೋಡಿದಳು. ಧಣಿಯೂ ನೋಡಿದ.

"ಹಸಿ ಕೈ ತಾಗಿದ್ರ ಹಿಂಗ ಆಗ್ತೈತ್ರಿ," ಎಂದರು ಮಾಸ್ತರು.

ಒಂದಕ್ಷರ ಸುಳ್ಳಿಲ್ಲ. ಎಂಥ ಜಾಣತನ ನೋಡಿ! ಯಮನಮ್ಮನನ್ನು ಅವತ್ತೇ ಕೆಲಸದಿಂದ ಬಿಡಿಸಿದರು. ಸಾವಿರಗಟ್ಟಲೆ ಬೆಲೆಯ ಸಾಮಾನು ಕೆಡಿಸಿದವಳು ಅಂತ ಊರೆಲ್ಲ ಸುದ್ದಿಯಾಗಿ, ಆಮೇಲೆ ಯಾರೂ ಅವಳನ್ನು ಕೆಲಸಕ್ಕೆ ಕರೆಯಲಿಲ್ಲ.

ಇಷ್ಟಕ್ಕೇ ನಿಂತಿದ್ದರೂ ಹೇಗೋ ಆಗುತ್ತಿತ್ತು. ತೊಂಬತ್ತೈದರ ಹೊತ್ತಿಗೆ ಮಾಸ್ತರು ಲಿಂಗಸುಗೂರಿನಲ್ಲಿ ಸ್ವಂತ ಕಂಪ್ಯೂಟರ್ ಕ್ಲಾಸು ತೆಗೆದರು. ಹೊಸ ಮಕ್ಕಳಿಗೆ ಮೊದಲ ದಿನ ಹಳೆಯ ಕಾಲದ ಕಥೆ ಹೇಳುವುದು ಅವರ ರೂಢಿ. ಅದರಲ್ಲಿ ಒಂದು ಕಥೆಗೆ ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು: ಕಸ ಹೊಡೆಯುವ ಹೆಂಗಸೊಬ್ಬಳು ಫ್ಲಾಪಿಯನ್ನು ಮಕ್ಕಳು ಬರೆಯುವ ಪಾಟಿ ಅಂತ ತಿಳಿದು ನೀರು ಹಾಕಿ ತೊಳೆದ ಕಥೆ. ಹೇಳಿ ಹೇಳಿ ಮಾಸ್ತರಿಗೇ ಅದು ಅರ್ಧ ನಿಜವಾಗಿಬಿಟ್ಟಿತ್ತು.

ತೊಂಬತ್ತೇಳರ ಜೂನಿನಲ್ಲೂ ಹೇಳಿದರು. ಗುರುಗುಂಟಾದಿಂದ ಬಂದ ಜಂಬಮ್ಮ ಎಂಬ ಹುಡುಗಿ ಎಲ್ಲರಿಗಿಂತ ಜೋರಾಗಿ ನಕ್ಕಳು. ಅವಳನ್ನು ಕ್ಲಾಸಿಗೆ ಹಚ್ಚಲು ಬಂದ ತಾಯಿ ಹಿಂದಿನ ಬೆಂಚಿನಲ್ಲಿದ್ದಳು. ಕಥೆ ಮುಗಿಯುವ ಮೊದಲೇ ಆಕೆ ಎದ್ದು ಹೊರಗೆ ಹೋದಳು. ಫೀಜಿನ ವಿಚಾರ ಇರಬೇಕೆಂದು ಮಾಸ್ತರೂ ಹೊರಗೆ ಬಂದರು.

"ಗುರ್ತು ಹತ್ತಲಿಲ್ಲೇನ್ರಿ ಅಯ್ಯಾರ? ನಾ ಯಮನಮ್ಮ ರೀ."

"ನೀ... ಇಲ್ಲಿ?" ಎಂದರು ಮಾಸ್ತರು.

"ಸಿಂಧನೂರಾಗ ಕೆಲಸ ಸಿಗಲಿಲ್ರಿ. ತವರುಮನಿ ಗುರುಗುಂಟಾಕ್ಕ ಬಂದ್ವಿ. ನೀವು ಚೊಲೊ ಕಲಸ್ತೀರಿ ಅಂತ ಗೊತ್ತಿತ್ತು, ಅದಕ್ಕ ಮಗಳನ್ನ ಕರಕೊಂಡು ಬಂದೀನಿ." ಸ್ವಲ್ಪ ತಡೆದು ಅಂದಳು, "ನೀವು ಧೋತರಲೆ ಈಬತ್ತಿ ಒರಸಿದ್ದು ನಾ ನೋಡಿದ್ದೆ ರೀ."

"ಮತ್ತ ಅವತ್ತು ಯಾಕ ಬಾಯಿ ಬಿಡಲಿಲ್ಲವ್ವಾ?"

"ಅಯ್ಯನ ಮ್ಯಾಲ ನನ್ನ ಮಾತು ಯಾರು ಕೇಳ್ತಿದ್ರಿ? ನೀವ ಖರೇ ಹೇಳ್ತೀರಿ ಅಂತ ಅವತ್ತು ಕೆಳಗ ಮೆಟ್ಲದಾಗ ಕುಂತಿದ್ದೆ. ಜವಳಗೇರಾದ ಬಸ್ಸು ಎರಡು ಹೋದ್ವು. ಕೆಲಸ ಹೋದದ್ದು ಹೋತು ಬಿಡ್ರಿ. ಆದ್ರ ಈಗ ನನ್ನ ಮಗಳು ನಕ್ಕಳಲ್ರಿ, ನನಗ ನಕ್ಕಳು..." ಸೆರಗು ಬಾಯಿಗೆ ಹಿಡಿದುಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದುಬಿಟ್ಟಳು.

ನೆಲ ಬಿರಿದು ನುಂಗಬಾರದೇ ಅನ್ನಿಸಿತು ಮಾಸ್ತರಿಗೆ. ಹಾಗಿದ್ದರೂ ಮನಸ್ಸಿನ ಒಂದು ಮೂಲೆ ಇನ್ನೂ ಲೆಕ್ಕ ಹಾಕುತ್ತಿತ್ತು: ಮಗಳಿಗೆ ಗೊತ್ತಿಲ್ಲ, ಸುಮ್ಮನಿದ್ದರೂ ನಡೆದೀತು. ಆ ಲೆಕ್ಕ ತನ್ನೊಳಗೆ ಎದ್ದದ್ದು ಕಂಡು ಅವರಿಗೆ ತಮ್ಮ ಮೇಲೆಯೇ ಹೇಸಿಗೆ ಹುಟ್ಟಿತು. ಒಳಗೆ ಹೋದರು.

"ಆಗ ಹೇಳಿದ ಕಥಿ ಸುಳ್ಳು," ಎಂದರು. "ಆಕಿ ಏನೂ ಮುಟ್ಟಿರಲಿಲ್ಲ. ಕೆಡಿಸಿದಾಂವ ನಾನು. ಬಾಯಿ ಮುಚ್ಚಿಕೊಂಡು ಕುಂತು ಆಕಿ ಅನ್ನ ಕಸಗೊಂಡೆ. ಎರಡು ವರ್ಷದಿಂದ ಆಕಿ ಹೆಸರಿಲೆ ನಿಮ್ಮಂಥವರನ್ನ ನಗಿಸೀನಿ."

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು. ಜಂಬಮ್ಮನೇ ಕೇಳಿದಳು: "ಆಕಿ ಹೆಸರೇನ್ರಿ ಸರ್?"

"ಯಮನಮ್ಮ. ಜವಳಗೇರಾದಾಕಿ. ಈಗ ಗುರುಗುಂಟಾದಾಗ ಅದಾಳ."

ಜಂಬಮ್ಮ ಹಿಂದಿನ ಖಾಲಿ ಬೆಂಚನ್ನು ತಿರುಗಿ ನೋಡಿದಳು. ಹೊಸ ನೋಟ್‌ಬುಕ್ಕು ಎತ್ತಿಕೊಂಡಳು. ಎದ್ದು ಮಾಸ್ತರ ಮುಂದೆಯೇ ಹಾದು, ಬಾಗಿಲಾಚೆಯ ಚಪ್ಪಲಿ ಮೆಟ್ಟಿ ಬಸ್‌ಸ್ಟ್ಯಾಂಡಿನ ಕಡೆ ಓಡಿದಳು.