ಬೂದಿಯ ಮೇಲೆ ಎಡಗಾಲು

೧೯೮೬ರಲ್ಲಿ, ಏಳನೇ ಕ್ಲಾಸಿನ ನಡುವೆ, ನಾನು ಓದು ನಿಲ್ಲಿಸಿದೆ. ಅಂದಿನಿಂದ ಮೈಕ್ ಸೆಟ್ ಹೊತ್ತು ಬದುಕಿದವನು. ತೀರ್ಥಹಳ್ಳಿಯಲ್ಲಿ ಸ್ವಂತ ಅಂಗಡಿ ಮಾಡಿದ್ದು ನನ್ನ ದುಡಿಮೆಯಿಂದ, ಯಾರ ದಯೆಯಿಂದಲೂ ಅಲ್ಲ. ಮೈಮೇಲೆ ದೇವರು ಬಂದವರಿಗೆಲ್ಲ ಮೈಕ್ ಹಿಡಿದಿದ್ದೇನೆ, ಒಬ್ಬರನ್ನೂ ನಂಬಿದವನಲ್ಲ. ನಮ್ಮ ಕಡೆ ಕೆಲವು ಮನೆಗಳಲ್ಲಿ ಯಾರಾದರೂ ತೀರಿಕೊಂಡರೆ ಹನ್ನೊಂದನೆಯ ದಿನ ಕೋಣೆಯಲ್ಲಿ ಬೂದಿ ಹರಡಿ, ಬಾಗಿಲು ಹಾಕಿ, ಬೆಳಿಗ್ಗೆ ತೆಗೆದು ನೋಡುತ್ತಾರೆ. ಹಸುವಿನ ಗೊರಸೋ ಹಕ್ಕಿಯ ಕಾಲೋ ಕಂಡರೆ ಹೋದವರು ಆ ಜನ್ಮಕ್ಕೆ ಹೋದರು ಎಂದು ನಂಬಿಕೆ. "ಇಲಿ ಓಡಾಡಿದ್ರೆ ಎಂತ ಮಾಡ್ತೀರಿ?" ಎಂದು ನಾನು ನಗಾಡುತ್ತಿದ್ದೆ. ಈಗ ನೀವು ನಕ್ಕರೂ ನನಗೆ ಬೇಸರವಿಲ್ಲ.

ನನ್ನ ತಮ್ಮ ನಾಗರಾಜ ನನ್ನ ಜೊತೆಗೇ ಮೈಕ್ ಕೆಲಸ ಮಾಡುತ್ತಿದ್ದ. ಹೊಸನಗರದಲ್ಲಿ ಒಂದು ಮದುವೆಯ ವೈರು ಸುತ್ತಿಟ್ಟು, "ನೀ ಸಾಮಾನ್ ತಗಂಡ್ ಹೋಗಿರು ಅಣ್ಣ, ನಾ ಬಸ್ಸಿಗೆ ಬತ್ತೀನಿ" ಎಂದವನು ಬರಲೇ ಇಲ್ಲ. ಹುಡುಕದ ಊರಿಲ್ಲ. ಹನ್ನೆರಡು ವರ್ಷ ತುಂಬಿದಾಗ, ಇನ್ನು ಅವನ ಕರ್ಮ ಮಾಡಿ ಮುಗಿಸಿ ಎಂದು ನೆಂಟರು ಹೇಳತೊಡಗಿದರು. ಅಮ್ಮ ಒಪ್ಪಲಿಲ್ಲ. ಕಾಯುವುದೋ ಬಿಡುವುದೋ ಎಂದು ತಿಳಿಯದೆ ನಾನು ನಡುವೆ ನಿಂತಿದ್ದೆ.

ಆ ವರ್ಷವೇ ಸಾಗರದ ಹತ್ತಿರ, ಹೆಗ್ಗೋಡಿನ ಕಡೆಯ ಒಂದು ಸಭಾಭವನದಲ್ಲಿ, ಯಾವುದೋ ವಿಶ್ವವಿದ್ಯಾಲಯದ ಮಾನವಶಾಸ್ತ್ರ ಓದುವ ಹುಡುಗ ಹುಡುಗಿಯರ ಶಿಬಿರವಾಯಿತು. ಮೈಕು, ಪ್ರೊಜೆಕ್ಟರು ನನ್ನವು. ಮೊದಲ ದಿನ ಅಧ್ಯಾಪಕರು ಒಬ್ಬೊಬ್ಬರೇ ಬಂದು ತಮ್ಮ ಪರಿಚಯ, ತಮ್ಮ ಸಂಶೋಧನೆ ಹೇಳಿಕೊಳ್ಳುವುದು. ಒಬ್ಬರು ಸಂತೆಯ ಚೌಕಾಸಿಯನ್ನು ವರ್ಷಗಟ್ಟಲೆ ನೋಡಿದ್ದರಂತೆ. ಇನ್ನೊಬ್ಬರು ಟೀ ಅಂಗಡಿಯ ಹರಟೆಯ ಮೇಲೆ ಪಿಎಚ್.ಡಿ. ಮಾಡಿದ್ದರು. ಟೀ ಅಂಗಡಿಯಲ್ಲಿ ಕೂತಿದ್ದಕ್ಕೇ ನಮ್ಮಪ್ಪ ನನಗೆ ಹೊಡೆಯುತ್ತಿದ್ದ ಎಂದುಕೊಂಡು ನಕ್ಕೆ.

ಮೂರನೆಯವರು ಒಬ್ಬ ಮೇಡಂ. ಅವರದು ಸಾವಿನ ಆಚರಣೆಗಳ ಅಧ್ಯಯನ. ಪರದೆಯ ಮೇಲೆ ಬೂದಿ ಹರಡಿದ ಕೋಣೆಯ ಚಿತ್ರ ಬಂತು. ಒಬ್ಬ ಅಜ್ಜಿ ತೀರಿಕೊಂಡ ಮನೆಯಂತೆ. ಕೋಣೆಯ ನಡುವೆ ಗಂಡಸಿನ ಎಡಗಾಲಿನ ಒಂದೇ ಒಂದು ಹೆಜ್ಜೆ.

"ಪಕ್ಕದ್ಮನೆಯೋರು ಎಡೆಗಿಟ್ಟ ವಡೆ ಕದಿಯಕ್ ಬಂದಿರ್ಬೇಕು ಮ್ಯಾಮ್" ಎಂದ ಒಬ್ಬ ಹುಡುಗ. ಎಲ್ಲರೂ ನಕ್ಕರು.

ಮೇಡಂ ಕೂಡ ನಕ್ಕು, "ಬಂದಿರಬಹುದು. ಒಂದೇ ಕಾಲಲ್ಲಿ ಹೇಗೆ ಬಂದ, ಹೇಗೆ ಹೋದ? ಅದನ್ನ ನೀವೇ ಹೇಳಿ" ಎಂದರು.

ನಾನು ನಗಲಿಲ್ಲ. ಆ ಹೆಜ್ಜೆಯಲ್ಲಿ ನಡುಬೆರಳು ಇರಲಿಲ್ಲ. ಕಿರುಬೆರಳು ಹೊರಕ್ಕೆ ತಿರುಗಿತ್ತು. ನಾಗರಾಜನ ಕಿರುಬೆರಳು ಹುಟ್ಟಿನಿಂದ ಹಾಗೇ. ನಡುಬೆರಳು ಸೌದೆ ಒಡೆಯುವಾಗ ಕೊಡಲಿ ಜಾರಿ ಹೋದದ್ದು. ಒಂದೇ ಚಾಪೆಯಲ್ಲಿ ಮಲಗಿ ಬೆಳೆದವನ ಕಾಲು ನನಗೆ ಮರೆಯುತ್ತದೆಯೆ?

ಚಹದ ಹೊತ್ತಿಗೆ ಹೋಗಿ ಹೇಳಿದೆ. ಮೇಡಂ ಅನುಮಾನಿಸಲಿಲ್ಲ. ಚಿತ್ರವನ್ನು ನನ್ನ ಫೋನಿಗೆ ಕಳಿಸಿ, ಮರುದಿನ ನನ್ನ ವ್ಯಾನಿನಲ್ಲೇ ಮಾಸ್ತಿಕಟ್ಟೆ ಹತ್ತಿರದ ಆ ಮನೆಗೆ ಕರೆದುಕೊಂಡು ಹೋದರು. ಮನೆಯ ಯಜಮಾನ, ಆ ಅಜ್ಜಿಯ ಗಂಡ, ನಾಗರಾಜನ ಫೋಟೋ ನೋಡಿ ತಲೆಯಾಡಿಸಿದ.

"ಇವ್ನ ಕಂಡೇ ಇಲ್ಲ ಮಾರಾಯ. ಬೆರಳಿಲ್ದೋರು ನಮ್ಮನೇಲೂ ಇಲ್ಲ, ನೆಂಟ್ರಲ್ಲೂ ಇಲ್ಲ. ಬೀಗ ಹಾಕಿ ಕೀಲಿಕೈ ಸೊಂಟಕ್ಕೆ ಕಟ್ಕಂಡ್ ಮಲಗಿದ್ದೆ ನಾನು." ಫೋಟೋ ನನ್ನ ಕೈಗೆ ವಾಪಸ್ಸು ಕೊಟ್ಟು, "ನಮ್ಮನೆಯವ್ಳು ಬತ್ತಾಳೆ ಅಂತ ಕಾದೆ. ಬಂದಿದ್ದು ನಿಮ್ಮೋನು. ಅವ್ಳು ಎಲ್ಲಿಗೆ ಹೋದ್ಲೋ" ಎಂದ.

ಮನೆಗೆ ಬಂದು ಅಮ್ಮನಿಗೆ ಎಲ್ಲ ಹೇಳಿ, ಫೋನು ಕೊಟ್ಟೆ. ಅಮ್ಮ ಬಹಳ ಹೊತ್ತು ನೋಡಿದಳು.

"ಅವನ್ದೇ" ಎಂದಳು.

"ಹಂಗಾರೆ ಕರ್ಮ ಮಾಡ್ಸದಾ ಅಮ್ಮ?"

"ಎಡಗಾಲು ಅಲ್ಲಿಟ್ಟಿದಾನೆ. ಬಲಗಾಲು ಎಲ್ಲಿಟ್ಟಿದಾನೆ? ಅದನ್ನ ಹೇಳು ಮೊದ್ಲು. ಅರ್ಧ ಹೋದೋನಿಗೆ ಕರ್ಮ ಮಾಡ್ತೀಯಾ ನೀನು?"

ಆಮೇಲೆ ನಾನು ಆ ಮಾತು ಎತ್ತಲಿಲ್ಲ. ಬಸ್ಸು ನಿಂತ ಸದ್ದಾದರೆ ಅಮ್ಮ ಮೊದಲಿನ ಹಾಗೇ ಬಾಗಿಲಿಗೆ ಹೋಗುತ್ತಿದ್ದಳು.

ಹೋದ ವರ್ಷ ಅಮ್ಮ ತೀರಿಕೊಂಡಳು. ಹನ್ನೊಂದನೆಯ ದಿನ, ಯಾರೂ ಹೇಳದೆ, ನಾನೇ ಬೂದಿಯನ್ನು ಜರಡಿ ಹಿಡಿದು ಅವಳ ಕೋಣೆಯಲ್ಲಿ ಹರಡಿದೆ. ಅವಳದೋ ಅವನದೋ, ಒಂದು ಗುರುತು ಸಾಕಿತ್ತು. ಬೆಳಿಗ್ಗೆ ಬಾಗಿಲು ತೆಗೆದರೆ ಬೂದಿ ಹರಡಿದ ಹಾಗೇ ಇತ್ತು. ಇಲಿ ಕೂಡ ಓಡಾಡಿರಲಿಲ್ಲ.

ಆ ಹೆಜ್ಜೆ ಅಲ್ಲಿ ಹೇಗೆ ಬಂತು ಎಂದು ಇವತ್ತಿಗೂ ನನಗೆ ತಿಳಿದಿಲ್ಲ. ಮೇಡಂಗೂ ತಿಳಿದಿಲ್ಲವಂತೆ. ಈಗ ನನ್ನ ಹತ್ತಿರ ಇರುವುದು ಒಂದು ವ್ಯಾನು, ಎರಡು ಮೈಕ್ ಸೆಟ್ಟು, ಎಂಟು ಸ್ಪೀಕರು, ಒಂದು ಪ್ರೊಜೆಕ್ಟರು. ಫೋನಿನಲ್ಲಿ ಒಂದು ಎಡಗಾಲು.