ಕುರ್ಚಿ ಮಡಚುವವರೆಗೆ

ನಿವೃತ್ತಿಯಾಗಿ ಹನ್ನೊಂದು ವರ್ಷವಾದರೂ ನಾವು ಅವರನ್ನು ಚೀಫ್ ಎಂದೇ ಕರೆಯುತ್ತಿದ್ದೆವು. ಮನೆಯಲ್ಲಿ ಸೊಸೆಯೂ ಹಾಗೇ ಕರೆಯುತ್ತಿದ್ದಳು. ಅವಳ ದನಿ ಮಾತ್ರ ಬೇರೆ ಥರ ಇರುತ್ತಿತ್ತು. ಬೆಳಿಗ್ಗೆ ಗ್ರಂಥಾಲಯದ ಬಾಗಿಲು ತೆಗೆಯುವ ಮುಂಚೆಯೇ ಮೆಟ್ಟಿಲ ಮೇಲೆ ನಾವು ಮೂವರೂ ಹಾಜರು. ಒಬ್ಬರು ನಮ್ಮ ಪತ್ರಿಕೆಯ ಹಳೆಯ ಮುಖ್ಯ ವರದಿಗಾರರಾದ ಈ ಚೀಫ್. ಇನ್ನೊಬ್ಬ, ಇಪ್ಪತ್ತೆಂಟು ವರ್ಷ ಬೇರೆಯವರ ವಾಕ್ಯಗಳನ್ನು ಕತ್ತರಿಸಿ ಕತ್ತರಿಸಿ ಕೊನೆಗೆ ತಾನೇ ಅರ್ಧ ವಾಕ್ಯದಲ್ಲಿ ಮಾತಾಡುವಂತಾದ ಉಪಸಂಪಾದಕ. ಅವನ ಅಡ್ಡಹೆಸರು ಕತ್ತರಿ. ಮೂರನೆಯವನು ನಾನು, ವಾರಕ್ಕೊಮ್ಮೆ ಓದುಗರನ್ನು ನಗಿಸುವ ಕೂಲಿ ಮಾಡುತ್ತಿದ್ದವನು.

ಒಳಗೆ ಹೋದರೆ ನಮ್ಮದು ದಿನಪತ್ರಿಕೆಗಳ ಶವಪರೀಕ್ಷೆ. 'ಪತ್ರಿಕೆಗಳ ಮೇಲೆ ಗೀಚಬಾರದು' ಎಂಬ ಫಲಕದ ಕೆಳಗೇ ಕೂತು ಚೀಫ್ ಕೆಂಪು ಪೆನ್ನಿನಲ್ಲಿ ಗೀಚುತ್ತಿದ್ದರು. ಗ್ರಂಥಪಾಲಕಿ ಒಂದೆರಡು ತಿಂಗಳು ಬೈದರು. ಆಮೇಲೆ ಫಲಕವನ್ನೇ ಬೇರೆ ಗೋಡೆಗೆ ಸರಿಸಿದರು.

"ನೋಡಯ್ಯ ಇದನ್ನ. ಇವನು ಅವನನ್ನ ಬೈದ, ಅವನು ಇವನನ್ನ ಬೈದ, ಮುಖಪುಟ ಭರ್ತಿ. ನಲ್ಲೀಲಿ ನೀರು ಬರುತ್ತಾ, ಆಸ್ಪತ್ರೇಲಿ ಡಾಕ್ಟ್ರು ಇದಾರಾ, ಒಬ್ಬನಾದ್ರೂ ಕೇಳಿದಾನಾ? ಇದು ರಾಜಕೀಯ ವರದಿನೋ, ಕೋಳಿ ಜಗಳವೋ?"

"ಕೋಳಿಗೆ ಅವಮಾನ," ಎನ್ನುತ್ತಿದ್ದ ಕತ್ತರಿ.

"ಟೀವಿಯವರಂತೂ ಬಿಡು. ಕೂಸು ಹುಟ್ಟೋಕೆ ಮುಂಚೆ ಕುಲಾವಿ. ಮತ ಎಣಿಸೋಕೆ ಮುಂಚೆ ಮಂತ್ರಿಮಂಡಲ!"

ಇಷ್ಟಾದ ಮೇಲೆ ವೇದವಾಕ್ಯ ಬರುತ್ತಿತ್ತು: "ವರದಿಗಾರ ಅಂದ್ರೆ ಸಭೆ ಮುಗಿದು ಕುರ್ಚಿ ಮಡಚೋವರೆಗೆ ಕೂತಿರಬೇಕು. ಆ ಸದ್ದು ಕೇಳದೆ ಬರೆದದ್ದು ಸುದ್ದಿ ಅಲ್ಲ ಕಣಯ್ಯ, ಕರಪತ್ರ."

ಅವರ ಕೈಕೆಳಗೆ ಪಳಗಿದವರೆಲ್ಲ ಈ ಮಾತನ್ನು ಬಾಯಿಪಾಠ ಮಾಡಿದ್ದರು.

ಒಂದು ಸೋಮವಾರ ಐವತ್ತರ ಆಸುಪಾಸಿನ ಹೆಂಗಸೊಬ್ಬಳು ಬಂದಳು. ಕೊರಳಲ್ಲಿದ್ದ ಅಳತೆ ಟೇಪನ್ನು ತೆಗೆಯಲು ಮರೆತಿದ್ದಳು. ಮೂವತ್ತೊಂದು ವರ್ಷದ ಹಿಂದಿನ ಚುನಾವಣೆಯ ಪತ್ರಿಕೆ ಬೇಕೆಂದಳು. ಗ್ರಂಥಪಾಲಕಿ ದಪ್ಪ ರಟ್ಟಿನ ಕಟ್ಟನ್ನು ತಂದು ನಮ್ಮ ಮೇಜಿನ ಮೇಲೇ ಇಟ್ಟರು. "ಇವರು ಆ ಪೇಪರಿನವರೇ. ಕೇಳಿ."

"ನಮ್ಮಪ್ಪ ಟೈಲರ್, ಸರ್," ಎಂದಳು ಆಕೆ. "ಹಾಸಿಗೆ ಹಿಡಿದಿದಾರೆ. ದಿನ ಎಣಿಸಿ ಅಂದಿದಾರೆ ಡಾಕ್ಟ್ರು. ಆಗ ಶಾಲೆ ಮೈದಾನದ ಸಭೇಲಿ ಅಪ್ಪ ಎದ್ದು ನಿಂತು ಮಂತ್ರೀನ ಕೇಳಿದ್ರಂತೆ, 'ಆಸ್ಪತ್ರೆಗೆ ಮೂರು ಸಲ ಅಡಿಗಲ್ಲು ಹಾಕಿದ್ರಿ, ಗೋಡೆ ಯಾವಾಗ ಸ್ವಾಮಿ?' ಅಂತ. ಮಂತ್ರಿಗೆ ಬಾಯೇ ಬರಲಿಲ್ಲವಂತೆ. ಮೈದಾನವೆಲ್ಲ ಚಪ್ಪಾಳೆಯಂತೆ."

"ನೋಡಿದವರು ಯಾರೂ ಇಲ್ವಾ?" ಎಂದೆ.

"ಜನಾನೆಲ್ಲ ಲಾರೀಲಿ ಬೇರೆ ಕಡೆಯಿಂದ ತಂದಿದ್ರಂತಲ್ಲ! ನಮ್ಮ ಬೀದಿಯಿಂದ ಹೋದವರು ಅಪ್ಪ ಒಬ್ಬರೇ. ಮಾರನೇ ದಿನ ಪೇಪರಲ್ಲಿ ಒಂದಕ್ಷರ ಇಲ್ಲ. 'ಬಾಡಿಗೆ ಜನ ನಿಮಗ್ಯಾಕೆ ಚಪ್ಪಾಳೆ ತಟ್ತಾರೆ' ಅಂತ ಅಮ್ಮ ಸಾಯೋವರೆಗೂ ಆಡ್ಕೊಂಡಳು. ಮನೇಲಿ ಅದಕ್ಕೆ ಅಪ್ಪನ ಬುರುಡೆ ಅಂತಾನೇ ಹೆಸರು. ನಾನೂ ನಕ್ಕಿದೀನಿ." ಅವಳು ಟೇಪಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಈಗ ಎಲ್ಲಾ ಮರೆತಿದಾರೆ, ಇದೊಂದನ್ನ ಬಿಟ್ಟು. ನಿಜ ಆಗಿದ್ರೆ, ನಿಜ ಕಣಪ್ಪ ಅಂತ ಹೇಳಿ ಕಳಿಸೋಣ ಅಂತ."

ಮೂರನೇ ಪುಟದಲ್ಲಿ ವರದಿ ಸಿಕ್ಕಿತು. 'ಹರ್ಷೋದ್ಗಾರಗಳ ನಡುವೆ ಸಭೆ ಮುಕ್ತಾಯ.' ಕೆಳಗೆ, 'ನಮ್ಮ ಮುಖ್ಯ ವರದಿಗಾರರಿಂದ.'

ಚೀಫ್ ಎರಡು ಸಲ ಓದಿದರು. ಕೆಂಪು ಪೆನ್ನಿಗೆ ಮುಚ್ಚಳ ಹಾಕಿದರು. "ವಿಚಾರಿಸಿ ತಿಳಿಸ್ತೀನಮ್ಮ," ಎಂದು ವಿಳಾಸ ಬರೆದುಕೊಂಡರು.

ವಿಚಾರಿಸುವುದಕ್ಕೆ ಏನೂ ಇರಲಿಲ್ಲ. ಆ ಸಭೆಯ ದಿನ ಮಧ್ಯಾಹ್ನವೇ ಮಂತ್ರಿಗಳ ಭಾಷಣದ ಅಚ್ಚಾದ ಪ್ರತಿ ಪತ್ರಿಕೆಗಳಿಗೆ ಬಂದಿತ್ತು. ಚೀಫ್ ಅದನ್ನು ನೋಡಿ ಐದಕ್ಕೆ ವರದಿ ಬರೆದಿಟ್ಟು ಮನೆಗೆ ಹೋದರು. ಸಭೆ ಇದ್ದದ್ದು ಆರಕ್ಕೆ. ಹಲ್ಲುನೋವೋ, ನೆಂಟರೋ, ನೆನಪಿಲ್ಲ; ಅಂಥ ದಿನ ಏನಾದರೊಂದು ಇದ್ದೇ ಇರುತ್ತದೆ. ಮರುದಿನ ನಮ್ಮ ಛಾಯಾಗ್ರಾಹಕ, ಈಗ ಇಲ್ಲ ಪಾಪ, ಟೈಲರನ ಪ್ರಶ್ನೆಯನ್ನೂ ಮಂತ್ರಿಯ ಮುಖವನ್ನೂ ಕಚೇರಿಯಲ್ಲಿ ಅಭಿನಯಿಸಿ ತೋರಿಸಿದ. ಎಲ್ಲರೂ ಹೊಟ್ಟೆ ಹಿಡಿದು ನಕ್ಕೆವು. ತಿದ್ದುಪಡಿ ಹಾಕಿದರೆ ಚೀಫ್ ಸಭೆಗೇ ಹೋಗಿರಲಿಲ್ಲ ಎಂದು ಒಪ್ಪಿಕೊಂಡಂತೆ. ಯಾರೂ ಉಸಿರೆತ್ತಲಿಲ್ಲ. ಕುರ್ಚಿಯ ಉಪದೇಶ ಶುರುವಾದದ್ದು ಆಮೇಲೆ. ಅಲ್ಲಿಂದಾಚೆಗೆ ಅವರು ಒಂದು ಸಭೆಯಿಂದಲೂ ಮೊದಲು ಎದ್ದು ಬರಲಿಲ್ಲ ಎಂಬುದೂ ಸುಳ್ಳಲ್ಲ.

ಆಕೆ ಹೋದ ಮೇಲೆ, "ನಡೀರಿ, ಹೋಗಿ ಹೇಳಿಬಿಡೋಣ," ಎಂದೆ.

"ಬಾಯಲ್ಲಿ ಹೇಳಿದ್ರೆ ಏನು ಬಂತು? ಅಚ್ಚಲ್ಲಿ ಆದ ತಪ್ಪು ಅಚ್ಚಲ್ಲೇ ಸರಿ ಆಗಬೇಕು. ಆ ಮನುಷ್ಯನ ಕೈಗೆ ಪೇಪರು ಕೊಡ್ತೀನಿ."

ಅಂದೇ ತಿದ್ದುಪಡಿ ಬರೆಯಲು ಕೂತರು. ಆರು ಪ್ಯಾರಾ ಆಯಿತು. ಮೊದಲ ಮೂರರಲ್ಲಿ ಇಂದಿನ ಮಾಧ್ಯಮಗಳ ಅಧಃಪತನ. ಕತ್ತರಿ ಆ ಮೂರನ್ನೂ ಹೊಡೆದು ಹಾಕಿದ. ಮರುದಿನ ಮತ್ತೆ ಜಗಳ.

"'ಅನಿವಾರ್ಯ ಕಾರಣಗಳಿಂದ'. ತೆಗಿ."

"ಇರಲಿ ಬಿಡೋ ಮಾರಾಯ."

"ಯಾವ ಅನಿವಾರ್ಯ?"

ಚೀಫ್ ತಾವೇ ಅದನ್ನು ಹೊಡೆದು ಹಾಕಿದರು. ಕೊನೆಗೆ ನಾಲ್ಕು ಸಾಲು ಉಳಿಯಿತು.

ಈಗಿನ ಸಂಪಾದಕ ಚೀಫ್ ಕೈಯಲ್ಲೇ ಅಕ್ಷರ ತಿದ್ದಿದವನು. ಅದನ್ನು ಕೊಡಲು ಕಚೇರಿಗೆ ಹೋದಾಗ ಎದ್ದು ನಿಂತು ಗೌರವ ಕೊಟ್ಟ. "ಆ ಮಂತ್ರಿ ಇಲ್ಲ, ಆ ಪಾರ್ಟಿನೂ ಇಲ್ಲ. ಈಗ ಯಾರಿಗೆ ಸರ್ ಇದು?"

"ಒಬ್ಬ ಟೈಲರಿಗೆ."

"ಇವತ್ತು ಜಾಗ ಇಲ್ಲ. ನಾಳೆ ನೋಡೋಣ."

ಬುಧವಾರ ಬರಲಿಲ್ಲ. ಗುರುವಾರವೂ ಬರಲಿಲ್ಲ. "ಈಗಲಾದ್ರೂ ಹೋಗೋಣ," ಎಂದೆ. "ಇನ್ನೊಂದೇ ದಿನ," ಎಂದರು. ನಾನೂ ಸುಮ್ಮನಾದೆ. ಅಚ್ಚಿನ ಮೇಲಿನ ಈ ಮೋಹ ನಮ್ಮ ಜಾತಿಯ ರೋಗ; ಮನೆಗೆ ಬೆಂಕಿ ಬಿದ್ದರೂ ನಾಳೆಯ ಪತ್ರಿಕೆಯಲ್ಲಿ ಓದಿ ಖಚಿತಪಡಿಸಿಕೊಳ್ಳುವವರು ನಾವು.

ಶುಕ್ರವಾರ ಬಂತು, ಏಳನೇ ಪುಟದ ಮೂಲೆಯಲ್ಲಿ, ಕಳೆದುಹೋದ ಅಂಕಪಟ್ಟಿಗಳ ಪ್ರಕಟಣೆಯ ಕೆಳಗೆ. ಚೀಫ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದರು.

ಟೈಲರನ ಬೀದಿಗೆ ತಿರುಗುವಾಗಲೇ ಸದ್ದು ಕೇಳಿತು. ಅಂಗಡಿಯ ಮುಂದೆ ಇಬ್ಬರು ಆಳುಗಳು ಬಾಡಿಗೆಯ ಕಬ್ಬಿಣದ ಕುರ್ಚಿಗಳನ್ನು ಒಂದೊಂದಾಗಿ ಮಡಚಿ ಗಾಡಿಗೆ ಹಾಕುತ್ತಿದ್ದರು. ಚೀಫ್ ನಿಂತುಬಿಟ್ಟರು.

ಮಗಳು ಹೊರಗೆ ಬಂದಳು. "ನಿನ್ನೆ ಬೆಳಿಗ್ಗೆ ಹೋದ್ರು," ಎಂದಳು. "ಪೇಪರಿನವರು ಏನಂದ್ರು ಅಂತ ಕೇಳ್ತಾನೇ ಇದ್ರು. ವಿಚಾರಿಸ್ತಾ ಇದಾರೆ ಅಪ್ಪ, ಅಂತಿದ್ದೆ."

ಚೀಫ್ ಪತ್ರಿಕೆ ಚಾಚಿದರು. ಅವಳು ನಿಂತಲ್ಲೇ ನಾಲ್ಕು ಸಾಲು ಓದಿದಳು.

"ಆಗ ಬರೆದಿದ್ದು ನೀವೇನಾ?"

"ಹೌದಮ್ಮ."

"ಮೊನ್ನೆ ನಾನು ಬಂದಾಗ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಅಲ್ಲೇ ಹೇಳಬಹುದಿತ್ತಲ್ಲ ಸರ್, ಬಾಯಲ್ಲಿ," ಎಂದಳು. ದನಿಯಲ್ಲಿ ಸಿಟ್ಟು ಕೂಡ ಇರಲಿಲ್ಲ. "ನಾನು ನಂಬ್ತಿದ್ದೆ. ಅಪ್ಪನಿಗೆ ಓದೋಕೆ ಕಣ್ಣಾದ್ರೂ ಎಲ್ಲಿತ್ತು?"

ಪತ್ರಿಕೆಯನ್ನು ಮಡಚಿ ಒಳಗೆ ಹೋದಳು. ಹೊಲಿಗೆ ಯಂತ್ರದ ಖಾನೆಯನ್ನು ಎಳೆದ ಸದ್ದು ಕೇಳಿಸಿತು.

ಚೀಫ್ ಇನ್ನೂ ಮಡಚದಿದ್ದ ಒಂದು ಕುರ್ಚಿಯ ಮೇಲೆ ಕೂತರು. ನಾವು ಕರೆದರೂ ಏಳಲಿಲ್ಲ. ಉಳಿದ ಕುರ್ಚಿಗಳೆಲ್ಲ ಗಾಡಿ ಸೇರಿದ ಮೇಲೆ ಆಳು ಬಂದು ತಲೆ ಕೆರೆದುಕೊಂಡ. "ಏಳ್ತೀರಾ ಯಜಮಾನ್ರೇ? ಇದೊಂದೇ ಬಾಕಿ."

ಅವರು ಎದ್ದರು. ಅವನ ಕೈಗೆ ಬಿಡದೆ ತಾವೇ ಮಡಚಲು ಹೋದರು. ತುಕ್ಕು ಹಿಡಿದ ಕೀಲು ಬಗ್ಗಲಿಲ್ಲ. ಕತ್ತರಿ ಬಂದು ಇನ್ನೊಂದು ಕಡೆ ಹಿಡಿದ.