ಖಾಲಿ ಕೋಣೆಯಲ್ಲಿ ಹುಳ ಮೇಯುವ ಸದ್ದು

ನಮ್ಮೂರಲ್ಲಿ ಯಾರ ಮೈಮೇಲಾದರೂ ಏನಾದರೂ ಬಂತೆಂದರೆ ಜನ ಅರಿಶಿನ ಕುಂಕುಮ ಹಿಡಿದು ಓಡುತ್ತಿದ್ದರು. ನಾನು ಒಂದು ಚೊಂಬು ತಣ್ಣೀರು ಹಿಡಿದು ಹೋಗುತ್ತಿದ್ದೆ. ನನ್ನ ನಾದಿನಿಯ ಮೈಮೇಲೆ ಪ್ರತಿ ಶುಕ್ರವಾರ ಅಮ್ಮ ಬರುತ್ತಿದ್ದಳು. ಒಂದು ಶುಕ್ರವಾರ ಆ ನೀರನ್ನು ಅವಳ ತಲೆಯ ಮೇಲೆ ಸುರಿದೆ. ಅಮ್ಮ ಎದ್ದು ಸೀರೆ ಬದಲಾಯಿಸಲು ಹೋದಳು, ಆಮೇಲೆ ಎಂದೂ ಬರಲಿಲ್ಲ. ಅಂಥವಳು ನಾನು. ಈಗ ಬರೆಯುತ್ತಿರುವುದನ್ನು ಬೇರೆ ಯಾರಾದರೂ ನನ್ನ ಮುಂದೆ ಹೇಳಿದ್ದರೆ ಅವರಿಗೂ ಅದೇ ಚೊಂಬು ಕಾದಿರುತ್ತಿತ್ತು. ನೀವು ನಗುವುದಾದರೆ ನಗಿ, ನನಗೆ ಬೇಜಾರಿಲ್ಲ. ಓದಿದ್ದು ನಾಲ್ಕನೇ ಕ್ಲಾಸು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಎರಡು ವರ್ಷದ ಹಿಂದಿನ ಮಾತು. ನಮ್ಮದು ತಾಯಲೂರಿನ ಪಕ್ಕದ ಹಳ್ಳಿ. ಹಿಪ್ಪುನೇರಳೆ ತೋಟ, ರೇಷ್ಮೆ ಹುಳದ ಮನೆ, ಎರಡು ಸೀಮೆಹಸು. ನನ್ನ ಮಗನ ಮಗಳು ಪವಿತ್ರಳನ್ನು ಶ್ರೀನಿವಾಸಪುರದ ಕಡೆಯ ಹುಡುಗ ಮಂಜುನಾಥನಿಗೆ ಕೊಟ್ಟೆವು. ಹುಡುಗ ಒಳ್ಳೆಯವನು, ಮಾತು ಸ್ವಲ್ಪ ಜಾಸ್ತಿ. ಅವನಿಗೆ ಮಾಲೂರಿನ ಹತ್ತಿರ ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ. ಪವಿಗೆ ಕೋಲಾರದ ಒಂದು ಬಟ್ಟೆ ಅಂಗಡಿಯಲ್ಲಿ ಬಿಲ್ ಹಾಕುವ ಕೆಲಸ ಸಿಕ್ಕಿತು. ಕೋಲಾರದಲ್ಲೇ ಮಹಡಿ ಮೇಲೊಂದು ಮನೆ ಬಾಡಿಗೆಗೆ ಹಿಡಿದರು. ನಡುಮನೆ, ಅಡುಗೆಮನೆ, ಮಲಗುವ ಕೋಣೆ, ಅದರ ಪಕ್ಕ ಇನ್ನೊಂದು ಚಿಕ್ಕ ಕೋಣೆ. ಆ ಚಿಕ್ಕ ಕೋಣೆಯಲ್ಲಿ ಮದುವೆಗೆ ಉಡುಗೊರೆ ಬಂದ ಪಾತ್ರೆಗಳ ಡಬ್ಬಗಳು ಬಿಟ್ಟರೆ ಏನೂ ಇರಲಿಲ್ಲ. ಮುಂದೆ ಮಗುವಿಗೆ ಬೇಕಾಗುತ್ತದೆ ಎಂದು ಖಾಲಿ ಬಿಟ್ಟಿದ್ದರು.

ಅವರ ಸಂಸಾರ ನೋಡಿದರೆ ನನಗೆ ನಗು ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು. ಇವನು ಬೆಳಗಿನ ಜಾವ ಕಂಪನಿ ಬಸ್ಸು ಹತ್ತಿದರೆ ಅವಳು ಇನ್ನೂ ಮಲಗಿರುತ್ತಾಳೆ. ಇವನು ಮಧ್ಯಾಹ್ನ ಬಂದು ಮುದ್ದೆ ತಿನ್ನುವಾಗ ಅವಳು ಅಂಗಡಿಯಲ್ಲಿರುತ್ತಾಳೆ. ಅವಳು ಫೋನಿನಲ್ಲಿ ಮಾತಾಡಿ ಕಳಿಸಿದ್ದನ್ನು ತಟ್ಟೆಯ ಪಕ್ಕ ಹಾಕಿಕೊಂಡು, ಅದಕ್ಕೆ ಹೂಂ ಹೂಂ ಅನ್ನುತ್ತಾ ಊಟ ಮಾಡುತ್ತಿದ್ದ. ರಜ ಬೇರೆ ಬೇರೆ. ಅವನಿಗೆ ಭಾನುವಾರ, ಅವಳಿಗೆ ಮಂಗಳವಾರ. ನೋಡಬೇಕಾದ ಜಾಗಗಳ ಹೆಸರನ್ನೆಲ್ಲ ಕ್ಯಾಲೆಂಡರಿನ ಅಂಚಿನಲ್ಲಿ ಬರೆದಿಟ್ಟಿದ್ದರು. ಒಂದು ವರ್ಷದಲ್ಲಿ ನೋಡಿದ್ದು ಅಂತರಗಂಗೆ ಒಂದೇ, ಅದೂ ಕತ್ತಲಾಗುತ್ತಿದೆ ಎಂದು ಅರ್ಧ ಮೆಟ್ಟಿಲಿಗೆ ವಾಪಸು ಬಂದರಂತೆ. ಇದು ಸಂಸಾರವೋ ಬಸ್ ಸ್ಟ್ಯಾಂಡೋ ಎಂದು ಕೇಳಿದೆ.

"ಬಸ್ ಸ್ಟ್ಯಾಂಡಲ್ಲಾದ್ರೂ ಇಬ್ರೂ ಒಂದೇ ಬೆಂಚಲ್ಲಿ ಕೂತ್ಕೋತಾರೆ ಅಜ್ಜಿ," ಎಂದ ಮಂಜು.

ನಾನು ಹೋಗಿದ್ದು ಯಾಕೆಂದರೆ ಪವಿಗೆ ಮೂರು ತಿಂಗಳಾಗಿತ್ತು. ಹಿಂದಿನ ವರ್ಷ ಒಂದು ಬಸಿರು ಎರಡೇ ತಿಂಗಳಿಗೆ ಹೋಗಿತ್ತು. ಈ ಸಲ ಡಾಕ್ಟರು ಜಾಸ್ತಿ ಓಡಾಡಬೇಡ, ಮಧ್ಯಾಹ್ನದ ಮೇಲೆ ಮಲಗು ಎಂದಿದ್ದರು. ಅಂಗಡಿಯವರು ಊಟದ ಹೊತ್ತಿಗೆ ಮನೆಗೆ ಕಳಿಸುತ್ತಿದ್ದರು. ಅವಳಮ್ಮ ಬರಬೇಕಿತ್ತು. ಆದರೆ ನಮ್ಮ ಮನೆಯಲ್ಲಿ ಹುಳ ನಾಲ್ಕನೇ ಜ್ವರ ಎದ್ದಿದ್ದವು. ಆ ಹೊತ್ತಿನಲ್ಲಿ ಕೈ ಬಿಟ್ಟರೆ ಬೆಳೆ ಕೈ ಬಿಟ್ಟ ಹಾಗೆ. ಹಾಗಾಗಿ ಕೆಲಸಕ್ಕೆ ಬಾರದ ಮುದುಕಿ ನಾನು ಬ್ಯಾಗು ಹಿಡಿದು ಬಂದೆ.

ಹುಳ ಸಾಕದವರಿಗೆ ಒಂದು ಮಾತು ಹೇಳಬೇಕು. ರೇಷ್ಮೆ ಹುಳ ಗೂಡು ಕಟ್ಟುವುದರೊಳಗೆ ನಾಲ್ಕು ಸಲ ಪೊರೆ ಬಿಡುತ್ತದೆ. ಅದಕ್ಕೆ ನಾವು ಜ್ವರ ಅನ್ನುತ್ತೇವೆ. ಜ್ವರಕ್ಕೆ ಕೂತ ಹುಳ ತಲೆ ಎತ್ತಿಕೊಂಡು ಹಾಗೇ ಇರುತ್ತದೆ, ಸೊಪ್ಪು ಮುಟ್ಟುವುದಿಲ್ಲ. ಒಂದು ದಿನ, ಒಂದೂವರೆ ದಿನ ಅದನ್ನು ಅಲುಗಿಸಬಾರದು. ಆಮೇಲೆ ಎದ್ದು ಮೇಯಲು ಶುರು ಮಾಡುತ್ತದೆ. ನಾಲ್ಕನೇ ಜ್ವರ ಎದ್ದ ಮೇಲಂತೂ ರಾತ್ರಿ ಹಗಲು ಮೇಯುತ್ತದೆ, ಮನೆಯ ತುಂಬ ಒಣಗಿದ ಎಲೆಯ ಮೇಲೆ ಸೋನೆ ಬಿದ್ದಂತೆ ಸರಸರ ಸದ್ದು. ನಲವತ್ತು ವರ್ಷ ಆ ಸದ್ದಿನಲ್ಲಿ ಮಲಗಿ ಎದ್ದಿದ್ದೇನೆ. ಪವಿ ಹಸುಗೂಸಾಗಿದ್ದಾಗ ಅವಳನ್ನು ಮಲಗಿಸುತ್ತಿದ್ದುದೂ ಹುಳದ ಮನೆಯ ಗೋಡೆ ಪಕ್ಕದಲ್ಲೇ.

ಕೋಲಾರಕ್ಕೆ ಹೋದ ಮೂರನೇ ದಿನ, ಗುರುವಾರ, ಮಧ್ಯಾಹ್ನ ಎರಡು ಎರಡೂವರೆ ಇರಬೇಕು, ಆ ಸದ್ದು ಕೇಳಿಸಿತು. ರಾತ್ರಿಯಾಗಿದ್ದರೆ ನಿದ್ದೆಗಣ್ಣು ಎಂದು ನಾನೇ ನನಗೆ ಬೈದುಕೊಳ್ಳುತ್ತಿದ್ದೆ. ಹಾಡಹಗಲು, ನಾನು ಅವರೆಕಾಯಿ ಸುಲಿಯುತ್ತಾ ಕೂತಿದ್ದೆ. ಮಳೆಯೇ ಎಂದು ಕಿಟಕಿ ನೋಡಿದೆ. ಬಿಸಿಲು ಕಣ್ಣು ಕುಕ್ಕುತ್ತಿತ್ತು. ಮೇಲಿನ ಟ್ಯಾಂಕು ನೋಡಿ ಬಂದೆ, ನೀರು ಬರುತ್ತಿರಲಿಲ್ಲ. ಫ್ಯಾನು ಆರಿಸಿದೆ, ಫ್ರಿಜ್ಜಿಗೆ ಕಿವಿ ಇಟ್ಟೆ. ಸದ್ದು ಬರುತ್ತಿದ್ದುದು ಆ ಚಿಕ್ಕ ಕೋಣೆಯಿಂದ. ಬಾಗಿಲು ತೆಗೆದೆ. ಪಾತ್ರೆ ಡಬ್ಬಗಳು, ಬರೀ ನೆಲ. ಒಳಗೆ ಕಾಲಿಟ್ಟರೆ ಸದ್ದು ಗೋಡೆಯ ಆಚೆಗೆ ಹೋದ ಹಾಗೆ. ಗೋಡೆಯ ಆಚೆ ಏನೂ ಇಲ್ಲ, ಗಾಳಿ.

ಪವಿ ಮಲಗಿದ್ದಳು. ಅವಳಿಗೆ ಹೇಳಲಿಲ್ಲ. ಕಿವಿಗೂ ವಯಸ್ಸಾಯಿತು ಎಂದುಕೊಂಡೆ. ಸಂಜೆಯಾಗುತ್ತಾ ಸದ್ದು ತಾನಾಗಿಯೇ ಇಳಿಯಿತು.

ಶುಕ್ರವಾರ ಅದೇ ಹೊತ್ತಿಗೆ ಮತ್ತೆ ಶುರುವಾಯಿತು. ನಾನು ತುಟಿ ಬಿಚ್ಚಿರಲಿಲ್ಲ. ಪವಿ ಹಾಸಿಗೆಯಿಂದಲೇ ಕೂಗಿದಳು.

"ಅಜ್ಜೀ, ಹುಳ ತಿಂದಂಗೆ ಕೇಳಿಸ್ತೈತೆ ಅಲ್ವಾ?"

ಕೈಯಲ್ಲಿದ್ದ ಲೋಟ ಕೆಳಗಿಟ್ಟೆ. ನಮ್ಮ ಹಳ್ಳಿಯ ಬಾವಿಗೆ ಇಳಿದವಳು ನಾನು, ಹಾವು ಹಿಡಿದು ಆಚೆ ಹಾಕಿದವಳು, ಆ ಮಾತಿಗೆ ಮಾತ್ರ ಹೆದರಿದೆ. ಅವಳು ಹೆದರಿರಲಿಲ್ಲ. ಮುಖದಲ್ಲಿ ಎಷ್ಟೋ ದಿನದಿಂದ ಕಾಣದ ನೆಮ್ಮದಿ ಇತ್ತು. ಹೊಸ ಊರಿನಲ್ಲಿ ಅವಳಿಗೆ ಸರಿಯಾಗಿ ನಿದ್ದೆಯೇ ಬರುತ್ತಿರಲಿಲ್ಲವಂತೆ, ನಿನ್ನೆ ಬಂತಂತೆ. ಹಾಗೆಂದು ಹೇಳಿ, ಗೋಡೆ ಕಡೆ ತಿರುಗಿ ಮಲಗಿ ಸಂಜೆಯವರೆಗೂ ಏಳಲಿಲ್ಲ. ಎದ್ದು ಎರಡು ಮುದ್ದೆ ತಿಂದಳು. ಆ ತಿಂಗಳಲ್ಲಿ ಅವಳು ವಾಂತಿ ಮಾಡದೆ ಹೊಟ್ಟೆ ತುಂಬ ತಿಂದದ್ದು ಅದೇ ಮೊದಲು.

ಮಂಜುವಿಗೆ ಹೇಳಿದೆವು. ಅವನು ಗೋಡೆಗೆ ಕಿವಿ ಇಟ್ಟು, ಡಬ್ಬಗಳನ್ನು ಸರಿಸಿ, ಕೊನೆಗೆ ನಮ್ಮಿಬ್ಬರ ಮುಖ ನೋಡಿದ. ನಮಗೆ ಇನ್ನೂ ಸಣ್ಣಗೆ ಕೇಳಿಸುತ್ತಿತ್ತು, ಅವನಿಗೆ ಏನೂ ಕೇಳಿಸಲಿಲ್ಲ. ಅಜ್ಜಿ ಮೊಮ್ಮಗಳಿಬ್ಬರೂ ಸೇರಿ ನನ್ನನ್ನು ಆಟ ಆಡಿಸ್ತಿದ್ದೀರ ಎಂದ. ಕೆಳಗಿನ ಮನೆಯ ಓನರಮ್ಮನನ್ನು ತೆಲುಗಿನಲ್ಲಿ ಕೇಳಿದೆ, ಇಲ್ಲಿ ಮೊದಲು ಯಾರಾದರೂ ಹುಳ ಸಾಕಿದ್ದರೇ ಎಂದು. ಮನೆ ಕಟ್ಟುವ ಮೊದಲು ಇದು ಬರೀ ಬಂಡೆ, ಜಾಲಿಗಿಡ ಎಂದಳು ಆಕೆ. ಊರಿಗೆ ಫೋನ್ ಮಾಡಿಸಿದೆ. ಹುಳ ಚೆನ್ನಾಗಿವೆ, ಸೊಪ್ಪು ಕತ್ತರಿಸಿ ಸಾಲುತ್ತಿಲ್ಲ ಎಂದಳು ಸೊಸೆ. ಆ ಬೆಳೆ ಕೊನೆಯವರೆಗೂ ಚೆನ್ನಾಗಿಯೇ ಬಂತು. ಅದಕ್ಕೂ ಇದಕ್ಕೂ ಗಂಟು ಹಾಕಲು ಏನೂ ಇಲ್ಲ.

ಭಾನುವಾರ ಅಂಗಡಿಯ ಯಜಮಾನರ ಮನೆಯಲ್ಲಿ ಮದುವೆ, ಅಂಗಡಿಗೆ ರಜ. ಗಂಡ ಹೆಂಡತಿ ಇಬ್ಬರಿಗೂ ಒಟ್ಟಿಗೆ ಬಂದ ರಜ, ಎಷ್ಟೋ ತಿಂಗಳ ಮೇಲೆ. ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಪವಿ ಕೆಂಪು ಸುತ್ತು ಹಾಕಿದ್ದಳು. ಕಾರು ಮಾಡಿಕೊಂಡು ಆವಣಿಗೆ ಹೋಗುವುದು, ಬೆಟ್ಟ ಹತ್ತದೆ ಕೆಳಗಿನ ಗುಡಿಗಳಲ್ಲೇ ಕೈ ಮುಗಿಯುವುದು, ವಾಪಸು ಬರುವಾಗ ಮುಳಬಾಗಿಲಿನಲ್ಲಿ ದೋಸೆ ತಿನ್ನುವುದು. ಸೀತಮ್ಮ ಹೆತ್ತ ಜಾಗ ಎಂದು ಆವಣಿಗೆ ನಮ್ಮ ಕಡೆಯ ಹೆಂಗಸರು ಹೋಗುವುದುಂಟು. ಅವಳಿಗೆ ಆ ಆಸೆ. ಅವನಿಗೆ ದೋಸೆಯ ಆಸೆ.

ಶನಿವಾರ ಮಧ್ಯಾಹ್ನ ಸದ್ದು ಶುರುವಾಗಿ ಜೋರಾಗಿತ್ತು. ಪವಿ ಮಲಗಿದ್ದಳು, ನಾನು ಅವಳ ಕಾಲ ಬಳಿ ಕೂತಿದ್ದೆ. ಮೂರು ಗಂಟೆಯ ಹೊತ್ತಿಗೆ ಸದ್ದು ನಿಂತಿತು. ಹುಳ ಒಂದೊಂದಾಗಿ ನಿಲ್ಲಿಸುತ್ತವೆ, ಸದ್ದು ನಿಧಾನವಾಗಿ ಇಳಿಯುತ್ತದೆ. ಇದು ಹಾಗಲ್ಲ, ಒಂದೇ ಸಲ ನಿಂತಿತು. ಪವಿ ಕಣ್ಣು ಬಿಟ್ಟಳು.

"ಯಾಕಜ್ಜಿ ನಿಂತೋಯ್ತು?"

ನನ್ನ ಬಾಯಿಂದ ಆ ಮಾತು ಯಾಕೆ ಬಂತೋ ಇವತ್ತಿಗೂ ಗೊತ್ತಿಲ್ಲ. "ಜ್ವರಕ್ಕೆ ಕೂತವೆ ಕಣೇ. ನಾಳೆ ನಾಡಿದ್ದು ಏಳ್ತವೆ. ಮಲಗು," ಎಂದೆ.

ಇಲ್ಲದ ಹುಳಕ್ಕೆ ಜ್ವರ ಹೇಳಿದವಳು ನಾನು, ತಣ್ಣೀರಿನ ಚೊಂಬಿನವಳು. ಅವಳು ಮಗುವಿನ ಹಾಗೆ ನಂಬಿ ಮತ್ತೆ ಮಲಗಿದಳು.

ಭಾನುವಾರ ಬೆಳಿಗ್ಗೆ ಸೀರೆ ಉಟ್ಟು ಹೂ ಮುಡಿದವಳು ಸೊಂಟ ಹಿಡಿದುಕೊಂಡು ಕೂತಳು. ನೋವು ಜಾಸ್ತಿ ಏನಿಲ್ಲ, ಎಳೆದ ಹಾಗೆ ಆಗುತ್ತದೆ ಎಂದಳು. ಕಾರು ಬಂದು ಕೆಳಗೆ ನಿಂತಿತ್ತು. ಆವಣಿ ಬೇಡ, ಅದೇ ಕಾರಿನಲ್ಲಿ ಆಸ್ಪತ್ರೆಗೆ ಹೋಗಿ ತೋರಿಸಿಕೊಂಡು ಬರೋಣ ಎಂದ ಮಂಜು. ಪವಿ ನನ್ನ ಮುಖ ನೋಡಿದಳು. ಹೆತ್ತವಳು ನಾನು, ಹೆರಿಸಿದವಳು ನಾನು, ಎಳೆತ ಎಷ್ಟು ಕಂಡಿಲ್ಲ ಎಂದುಕೊಂಡೆ. ಆದರೆ ಬಾಯಿಗೆ ಬಂದದ್ದು ಆ ಮಾತಲ್ಲ.

"ಎಲ್ಲಿಗೂ ಬೇಡ. ಜ್ವರದಲ್ಲಿರೋದನ್ನ ಅಲುಗಿಸಬಾರದು. ಇವತ್ತೊಂದು ದಿನ ಹಾಗೇ ಮಲಗಿರ್ಲಿ," ಎಂದೆ.

ಯಾವುದನ್ನು ಅಲುಗಿಸಬಾರದು ಎಂದು ಮಂಜು ಕೇಳಲಿಲ್ಲ. ದೊಡ್ಡವರು ಹೇಳಿದರು ಎಂದು ಕಾರು ವಾಪಸು ಕಳಿಸಿದ. ಇಡೀ ದಿನ ಇಬ್ಬರೂ ಆ ಹಾಸಿಗೆಯ ಮೇಲೇ ಕಳೆದರು. ಅವನು ಹೋಟೆಲಿನಿಂದ ದೋಸೆ ಕಟ್ಟಿಸಿಕೊಂಡು ಬಂದು, ಇದೇ ಮುಳಬಾಗಿಲು, ಕಣ್ಣು ಮುಚ್ಚಿ ತಿನ್ನು ಎಂದು ತಿನ್ನಿಸಿದ. ಅವಳು ನಕ್ಕಳು. ನಗುವಾಗಲೂ ಅವಳ ಕಿವಿ ಪಕ್ಕದ ಕೋಣೆಯ ಕಡೆಗೇ ಇತ್ತು. ನನ್ನದೂ ಅಲ್ಲೇ ಇತ್ತು. ಮಧ್ಯಾಹ್ನ ಆಯಿತು, ಸಂಜೆ ಆಯಿತು. ಸೂಜಿ ಬಿದ್ದರೆ ಕೇಳಿಸುವಂತಿತ್ತು ಮನೆ.

ಸೋಮವಾರ ಬೆಳಿಗ್ಗೆ ರಕ್ತ ಕಂಡಿತು. ಆಸ್ಪತ್ರೆಗೆ ಓಡಿದೆವು. ಸ್ಕ್ಯಾನ್ ಮಾಡಿದ ಡಾಕ್ಟರಮ್ಮ ಬಹಳ ಹೊತ್ತು ಪರದೆ ನೋಡಿದರು. ಮಗುವಿನ ಎದೆಬಡಿತ ಇಲ್ಲ ಎಂದರು. ಯಾವಾಗ ನಿಂತಿತು ಎಂದು ಕೇಳಿದೆ. ಗಂಟೆ ಲೆಕ್ಕ ಹೇಳಲಾಗುವುದಿಲ್ಲ ಅಜ್ಜಿ, ಎರಡು ದಿನ ಆಗಿರಬಹುದು ಎಂದರು. ನಿನ್ನೆಯೇ ಬಂದಿದ್ದರೆ ಎಂದೆ. ನಿನ್ನೆ ಬಂದಿದ್ದರೂ ಮಾಡುವಂಥದ್ದು ಏನೂ ಇರಲಿಲ್ಲ ಎಂದರು. ಒಳ್ಳೆಯ ಹೆಂಗಸು. ನಿಜ ಹೇಳಿದರೋ, ಮುದುಕಿಯ ಮುಖ ನೋಡಿ ಹೇಳಿದರೋ, ನನಗೆ ತಿಳಿಯುವ ದಾರಿ ಇಲ್ಲ.

ಪವಿ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಮಂಜುವೂ ಅನ್ನಲಿಲ್ಲ. ಅಂದಿದ್ದರೆ ನಾನೂ ತಿರುಗಿಸಿ ಏನಾದರೂ ಅನ್ನುತ್ತಿದ್ದೆ, ಜಗಳ ಆಗುತ್ತಿತ್ತು, ಮುಗಿಯುತ್ತಿತ್ತು. ಅವಳು ಆಸ್ಪತ್ರೆಯಿಂದ ಬಂದು ಆ ಚಿಕ್ಕ ಕೋಣೆಯ ಬಾಗಿಲು ತೆಗೆದು ಒಂದು ಸಲ ನೋಡಿ ಮುಚ್ಚಿದಳು, ಅಷ್ಟೆ. ನಾನು ಇನ್ನೂ ಹತ್ತು ದಿನ ಅಲ್ಲಿದ್ದೆ. ದಿನಾ ಮಧ್ಯಾಹ್ನ ಆ ಗೋಡೆಗೆ ಬೆನ್ನು ಕೊಟ್ಟು ಕೂರುತ್ತಿದ್ದೆ. ಏನೂ ಇಲ್ಲ.

ಆಮೇಲೆ ಅವರು ಮನೆ ಬದಲಾಯಿಸಿ ಮಾಲೂರಿಗೆ ಹೋದರು. ಪವಿಗೆ ಅಲ್ಲೇ ಬೇರೆ ಕೆಲಸ ಸಿಕ್ಕಿತು. ಈಗ ಇಬ್ಬರಿಗೂ ಭಾನುವಾರ ರಜ. ಕ್ಯಾಲೆಂಡರಿನ ಅಂಚಿನ ಜಾಗಗಳನ್ನೆಲ್ಲ ಒಂದೊಂದಾಗಿ ನೋಡಿ ಬಂದು ಫೋಟೋ ಕಳಿಸುತ್ತಾರೆ, ಪವಿಯ ತಮ್ಮ ನನಗೆ ತೋರಿಸುತ್ತಾನೆ. ಆವಣಿಯ ಫೋಟೋ ಮಾತ್ರ ಬಂದಿಲ್ಲ. ನಾನೂ ಕೇಳಿಲ್ಲ.

ಹೋದ ತಿಂಗಳು ಒಂದು ಮಧ್ಯಾಹ್ನ ಪವಿಯ ಫೋನು ಬಂತು. ಮತ್ತೆ ಮೂರು ತಿಂಗಳಾಗಿದೆ ಎಂದಳು. ಹಿಂದಿನ ಸಲದ್ದು ನೆನೆದು ಯಾರಿಗೂ ಹೇಳಿರಲಿಲ್ಲವಂತೆ. ಆಮೇಲೆ ಧ್ವನಿ ತಗ್ಗಿಸಿದಳು.

"ಅಜ್ಜೀ, ಈ ಮನೇಲೂ ಕೇಳಿಸ್ತೈತೆ."

ಇವತ್ತೇ ಆಸ್ಪತ್ರೆಗೆ ಹೋಗು ಎಂದೆ. ಆಗಲೇ ಹೋಗಿ ಬಂದೆವು, ಎಲ್ಲ ಚೆನ್ನಾಗಿದೆ ಅಂದರು ಎಂದಳು. ಅದು ನಿಂತರೆ ಏನು ಮಾಡಲಿ ಎಂದು ಕೇಳಿದಳು. ತಕ್ಷಣ ಓಡು ಎಂದೆ. ಓಡಿ ಏನು ಪ್ರಯೋಜನ ಎಂದು ಅವಳು ಕೇಳಲಿಲ್ಲ.

ಕೆಲಸಕ್ಕೆ ರಜ ಹಾಕಿ ಮನೆಯಲ್ಲೇ ಇದ್ದಾಳೆ, ಅವತ್ತಿನಿಂದ ಮೂರು ಗಂಟೆಯ ಹೊತ್ತಿಗೆ ದಿನಾ ಫೋನ್ ಮಾಡುತ್ತಾಳೆ. ಕೇಳಿಸ್ಕೋ ಅಜ್ಜಿ ಎಂದು ಹೇಳಿ ಫೋನನ್ನು ಗೋಡೆಗೆ ಹಿಡಿಯುತ್ತಾಳೆ. ನಾನು ಇಲ್ಲಿ ಹಸುಗಳ ಸದ್ದು ಬರದ ಹಾಗೆ ಬಾಗಿಲು ಹಾಕಿಕೊಂಡು, ಇನ್ನೊಂದು ಕಿವಿಗೆ ಕೈ ಮುಚ್ಚಿಕೊಂಡು ಕೇಳುತ್ತೇನೆ. ಅವಳ ಫ್ಯಾನು ತಿರುಗುವುದು ಕೇಳಿಸುತ್ತದೆ. ಅವಳ ಉಸಿರು ಕೇಳಿಸುತ್ತದೆ. ಬೇರೆ ಏನೂ ಕೇಳಿಸುವುದಿಲ್ಲ.

"ತಿಂತಾ ಅವೆ ಕಣೇ," ಎನ್ನುತ್ತೇನೆ.